ರಾಮಗಢದ ಹೀರೋಗಳು ಇನ್ನೂ ಬೆಟ್ಟದ ಮೇಲೇ ಇದ್ದಾರೆ!

'ಶೋಲೆ' ನೋಡದ ಸಿನಿಮಾ ಪ್ರೇಮಿ ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ಮೊದಲು ಚಿತ್ರ ನೋಡಿ ಬರಲಿ, ಆಮೇಲೆ ಈ ಲೇಖನ ಓದಲಿ! ಉಳಿದವರಿಗೆ ನನ್ನದೊಂದು ಪ್ರಶ್ನೆ. ಗಬ್ಬರ್ ಸಿಂಗ್ ಕೈಯಲ್ಲಿ ಬೆಲ್ಟ್ ಹಿಡಿದು ಬಂಡೆಯ ಮೇಲೆ ಎಳೆಯುತ್ತಾ ಅತ್ತಿಂದಿತ್ತ ಓಡಾಡುತ್ತಾನಲ್ಲ, ಆ ದೃಶ್ಯದಲ್ಲಿ ನೀವು ಯಾರನ್ನು ನೋಡಿದಿರಿ?

'ಇದೇನ್ ಕೇಳ್ತೀರಿ ಸ್ವಾಮಿ, ಅಮ್ಜದ್ ಖಾನ್‌ನ!' ಅಂತೀರಿ.

ಸರಿ. ಆತನ ಬೂಟಿನ ಕೆಳಗಿದ್ದ ಬಂಡೆ ನೋಡಿದಿರಾ? ಬಂಡೆಯ ಮೇಲಿದ್ದ ಬೂದು, ಹಳದಿ, ಕಪ್ಪು ಮಚ್ಚೆಗಳನ್ನು? ತಲೆಯ ಮೇಲೆ ಆಕಾಶದಲ್ಲಿ ಸುತ್ತುತ್ತಿದ್ದವರನ್ನು? ಸಂಭಾವನೆ ಇಲ್ಲ, ಟೈಟಲ್ ಕಾರ್ಡಿನಲ್ಲಿ ಹೆಸರಿಲ್ಲ, ಮೇಕಪ್ ಅಂತೂ ಮೊದಲೇ ಇಲ್ಲ. ಆ ಕಲಾವಿದರು ಈಗಲೂ ಅದೇ ಲೊಕೇಶನ್‌ನಲ್ಲಿ ಕಾಲ್‌ಶೀಟ್ ಕೊಟ್ಟು ಕೂತಿದ್ದಾರೆ. ಅವರನ್ನು ಕ್ಯಾಮೆರಾದಲ್ಲಿ ಹಿಡಿಯಲು ಕಳೆದ ಚಳಿಗಾಲದ ಭಾನುವಾರಗಳಲ್ಲಿ ನಾನೂ ನನ್ನ ಸ್ನೇಹಿತರೊಬ್ಬರೂ ರಾಮದೇವರ ಬೆಟ್ಟಕ್ಕೆ ಹೋಗಿ ಬಂದೆವು. ಸ್ನೇಹಿತರಿಗೆ ವಾರವೆಲ್ಲ ಬ್ಯಾಂಕಿನಲ್ಲಿ ಲೆಕ್ಕ. ಭಾನುವಾರ ಬಂತೆಂದರೆ ಹೆಗಲಿಗೆ ಕ್ಯಾಮೆರಾ!

ರಾಮನಗರ ರಾಮಗಢವಾದ ಕಥೆ

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ರಾಮನಗರ. ಬಸ್ಸೂ ಉಂಟು, ರೈಲೂ ಉಂಟು. ಟಿಪ್ಪುವಿನ ಕಾಲದಲ್ಲಿ ಈ ಊರು ಶಂಶೇರಾಬಾದ್ ಆಗಿತ್ತು. ಆಮೇಲೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಆಯಿತು. ಈಗ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರುವಾಸಿ.

1973ರ ಅಕ್ಟೋಬರ್‌ನಲ್ಲಿ ನಿರ್ದೇಶಕ ರಮೇಶ್ ಸಿಪ್ಪಿ ತಮ್ಮ ದಂಡು ಕಟ್ಟಿಕೊಂಡು ಇಲ್ಲಿಗೆ ಬಂದರು. ಅದೇ 1973ರಲ್ಲೇ ನಮ್ಮ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ 'ಗಂಧದ ಗುಡಿ'ಯಲ್ಲಿ ಕಾಡು ಕಾಯುತ್ತಿದ್ದರು ಎಂಬುದನ್ನು ಅಭಿಮಾನಿಗಳಿಗೆ ಬೇರೆ ನೆನಪಿಸಬೇಕಿಲ್ಲ! ಸಿಪ್ಪಿಯವರ ಕಲಾ ನಿರ್ದೇಶಕ ರಾಮ್ ಯಡೇಕರ್ ಬಂಡೆಗಳ ನಡುವೆ ಇಡೀ ಒಂದು ಹಳ್ಳಿಯನ್ನೇ ಎಬ್ಬಿಸಿದರು. ಹೆದ್ದಾರಿಯಿಂದ ಸೆಟ್ಟಿಗೆ ರಸ್ತೆ ಹಾಕಿಸಿದರು. ಊರಿನ ಒಂದು ಭಾಗಕ್ಕೆ ಕೆಲಕಾಲ 'ಸಿಪ್ಪಿ ನಗರ' ಎಂದೇ ಹೆಸರು ಬಿದ್ದಿತ್ತು. ಛಾಯಾಗ್ರಾಹಕ ದ್ವಾರಕಾ ದಿವೇಚಾ, ವಿಧವೆ ರಾಧೆ ದೀಪ ಹಚ್ಚುವ ದೃಶ್ಯಕ್ಕೆ ಸೂರ್ಯ ಮುಳುಗಿದ ಮೇಲಿನ ಆ ಕೆಲವೇ ನಿಮಿಷಗಳ ಬೆಳಕಿಗಾಗಿ ದಿನಗಟ್ಟಲೆ ಕಾದರಂತೆ. ಈ ಮಾತು ಜ್ಞಾಪಕದಲ್ಲಿಡಿ, ಮುಂದೆ ಬೇಕಾಗುತ್ತದೆ.

1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಮುಂದಿನದು ಇತಿಹಾಸ. ಡೇವಿಡ್ ಲೀನ್‌ನಂಥ ದಿಗ್ಗಜನೂ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಈ ಬೆಟ್ಟವನ್ನೂ ಪಕ್ಕದ ಸಾವನದುರ್ಗವನ್ನೂ ಹುಡುಕಿಕೊಂಡು ಬಂದ. ಆ ಚಿತ್ರಕ್ಕೆ ಎರಡು ಆಸ್ಕರ್!

ಈಗ ಅಲ್ಲಿ ರಾಮಗಢ ಎಲ್ಲಿದೆ? ಟೀ ಅಂಗಡಿಯ ಯಜಮಾನರನ್ನು ಕೇಳಿದೆ. ಚಿಕ್ಕ ಹುಡುಗನಾಗಿದ್ದಾಗ ಶೂಟಿಂಗ್ ನೋಡಲು ಓಡಿ ಹೋಗುತ್ತಿದ್ದವರು ಅವರು. ಲೋಟ ತೊಳೆಯುತ್ತಲೇ ಹೇಳಿದರು: 'ಎಲ್ಲಾ ಕಿತ್ಕಂಡ್ ಹೋದ್ರು ಸಾ. ಠಾಕೂರನ ಮನೆ ಇಲ್ಲ, ನೀರಿನ ಟ್ಯಾಂಕಿಲ್ಲ, ಏನೂ ಇಲ್ಲ. ಬಂಡೆ ಒಂದ್ ಬಿಟ್ರು. ಅದ್ನ ಹೊರಕಾಯ್ತದಾ?'

ಬಂಡೆ ಹೊರಲಾಗದು ಎಂಬ ಮಾತು ಈ ಸುತ್ತಿನಲ್ಲಿ ಪೂರ್ತಿ ನಿಜವಲ್ಲ. ಅದನ್ನು ಕಡೆಗೆ ಹೇಳುತ್ತೇನೆ.

ವಯಸ್ಸು 250 ಕೋಟಿ ವರ್ಷ!

ಊರಿನಿಂದ ಮೂರು-ನಾಲ್ಕು ಕಿಲೋಮೀಟರ್ ಹೋದರೆ ಬೆಟ್ಟದ ಬುಡ. ಅರಣ್ಯ ಇಲಾಖೆಯ ಗೇಟು ದಾಟಿ ಸುಮಾರು 400 ಮೆಟ್ಟಿಲು ಹತ್ತಿದರೆ ಮೇಲೆ ಪಟ್ಟಾಭಿರಾಮನ ಗುಡಿ. ಬೆಳಗಿನ ಏಳು ಗಂಟೆ. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಸೂರ್ಯ ಅಡ್ಡಡ್ಡಕ್ಕೆ ಬೆಳಕು ಚೆಲ್ಲುತ್ತಿದ್ದ.

'ಈಗ ನೋಡಿ ಬಂಡೆ ಮುಖ!' ಎಂದರು ಸ್ನೇಹಿತರು.

ನಡುಮಧ್ಯಾಹ್ನ ಬಂದವರಿಗೆ ಈ ಬಂಡೆ ಬರೀ ಬೋಳು ಕಲ್ಲು. ಬೆಳಗಿನ ಅಡ್ಡ ಬೆಳಕಿನಲ್ಲಿ ಅದರ ಪ್ರತಿ ಗೆರೆ, ಪ್ರತಿ ಕುಳಿ, ಪ್ರತಿ ಬಿರುಕು ಎದ್ದು ನಿಲ್ಲುತ್ತದೆ. ನಟನ ಮುಖಕ್ಕೆ ಪಕ್ಕದಿಂದ ಲೈಟ್ ಕೊಟ್ಟಂತೆ!

ಭೂವಿಜ್ಞಾನಿಗಳು ಈ ಕಲ್ಲಿಗೆ ಕೊಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಊರು ಹಳೆಯ ಹೆಸರು ಕಳಚಿಕೊಂಡರೂ ಕಲ್ಲು ಕಳಚಿಕೊಳ್ಳಲಿಲ್ಲ ನೋಡಿ. ತೆಂಕಣದಿಂದ ಬಡಗಣಕ್ಕೆ ನೂರಾರು ಕಿಲೋಮೀಟರ್ ಉದ್ದ ಚಾಚಿದ ಕಲ್ಲಿನ ಪಟ್ಟಿ ಇದು. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ಆರಿ ಗಟ್ಟಿಯಾಗಿದ್ದು. ನಿಧಾನವಾಗಿ ಆರಿದ್ದಕ್ಕೇ ಹರಳುಗಳು ದೊಡ್ಡವು. ಹತ್ತಿರ ಹೋಗಿ ನೋಡಿ: ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಗಾಜಿನಂತೆ ಹೊಳೆಯುವುದು ಬೆಣಚು, ಕರ್ರಗೆ ಮಿನುಗುವುದು ಕಾಗೆಬಂಗಾರ.

ಹಾಗಾದರೆ ಇಷ್ಟು ಗಟ್ಟಿ ಕಲ್ಲಿಗೆ ಈ ಉರುಟು ಬೆನ್ನು, ಈ ಬೋಳು ತಲೆ ಬಂದದ್ದು ಹೇಗೆ? ಮೇಲಿದ್ದ ಭಾರವೆಲ್ಲ ಕೊಚ್ಚಿಹೋದಂತೆ, ಒಳಗೆ ಅಮುಕಿಕೊಂಡಿದ್ದ ಕಲ್ಲು ಉಬ್ಬಿ ಪದರ ಪದರವಾಗಿ ಬಿಡುತ್ತದೆ. ಈರುಳ್ಳಿ ಸಿಪ್ಪೆ ಸುಲಿದಂತೆ! ಬಿರುಕಿಗೆ ಮಳೆನೀರು ಇಳಿದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿ ಮಾಡುತ್ತದೆ. ಮೂಲೆಗಳಿಗೆ ಎಲ್ಲ ಕಡೆಯಿಂದ ಪೆಟ್ಟು. ಆದ್ದರಿಂದ ಮೂಲೆ ಮೊದಲು ಸವೆದು ಗುಂಡಾಗುತ್ತದೆ. ಒಂದರ ಮೇಲೊಂದು ಕೂತ ಆ ಗುಂಡುಗಳನ್ನು ಯಾವ ರಾಕ್ಷಸನೂ ತಂದಿಟ್ಟಿದ್ದಲ್ಲ. ಅಲ್ಲಲ್ಲೇ ಹುಟ್ಟಿ, ಅಲ್ಲಲ್ಲೇ ಸವೆದವು. ಅಂದ ಹಾಗೆ ಬಂಡೆಯ ಮೇಲಿಂದ ಕೆಳಕ್ಕೆ ಇಳಿಬಿದ್ದ ಕಪ್ಪು ಪಟ್ಟೆಗಳಿವೆಯಲ್ಲ, ಅವು ಮಳೆನೀರು ಹರಿವ ದಾರಿಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು. ಬಂಡೆಯೂ ಒಂದು ಊರು, ಸ್ವಾಮಿ!

ನಿಮ್ಮ ಬಿಸಿಬೇಳೆ ಬಾತಿನೊಳಗೊಬ್ಬ ಕಲಾವಿದ

ಸ್ನೇಹಿತರು ಇದ್ದಕ್ಕಿದ್ದಂತೆ ಬಂಡೆಯ ಮೇಲೆ ಬೋರಲು ಮಲಗಿಬಿಟ್ಟರು. ಹಾದುಹೋಗುತ್ತಿದ್ದ ಭಕ್ತರೊಬ್ಬರು ಗಾಬರಿಯಾಗಿ 'ನೀರು ಬೇಕಾ ಸಾರ್?' ಎಂದು ಬಾಟಲಿ ಚಾಚಿದರು. ಅಲ್ಲಿ ನಡೆಯುತ್ತಿದ್ದದ್ದು ಕ್ಲೋಸಪ್ ಶಾಟ್! ಎದುರಿಗಿದ್ದ ನಾಯಕಿ ಅಂಗೈಯಗಲದ ಬೂದು-ಹಸಿರು ಮಚ್ಚೆ.

ಕಲ್ಲುಹೂವು. ಹೆಸರು ಕೇಳಿದ್ದೀರಿ. ಅಮ್ಮ ಬಿಸಿಬೇಳೆ ಬಾತಿನ ಪುಡಿಗೆ ಹುರಿದು ಹಾಕುವ ಕರಿಬೂದಿ ಬಣ್ಣದ ಒಣ ಸಿಪ್ಪೆಯಿದೆಯಲ್ಲ, ಅದರ ಬಂಧು-ಬಳಗ ಇದು. ಗಿಡವಲ್ಲ, ಪಾಚಿಯಲ್ಲ, ಅಣಬೆಯೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಮಾಡಿದ ಸಂಸಾರ. ಶಿಲೀಂಧ್ರ ಮನೆ ಕಟ್ಟಿ, ನೀರು ಹಿಡಿದಿಟ್ಟು, ಬಿಸಿಲಿಗೆ ಮರೆಯಾಗುತ್ತದೆ. ಒಳಗಿರುವ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಬಡಿಸುತ್ತದೆ. ಜೈ-ವೀರು ಜೋಡಿಯಂತೆ! ಒಬ್ಬನೇ ಆಗಿದ್ದರೆ ಈ ಸುಡು ಬಂಡೆಯ ಮೇಲೆ ಉಳಿಯುವುದು ಕಷ್ಟ. ಇಬ್ಬರೂ ಸೇರಿದ್ದಕ್ಕೆ ಬಂಡೆಯೇ ಸೋಲುತ್ತದೆ. ಇವು ಬಿಡುವ ಆಮ್ಲ, ಇವು ಊರುವ ಎಳೆ ಕಲ್ಲಿನ ಮೈಯನ್ನು ಕಣಕಣವಾಗಿ ಸಡಿಲಿಸುತ್ತವೆ. ಆ ಪುಡಿಯಲ್ಲಿ ಹಾವಸೆ, ಹಾವಸೆಯ ಮೇಲೆ ಹುಲ್ಲು, ಹುಲ್ಲಿನ ಬೇರಲ್ಲಿ ಒಂದು ಗಿಡ.

ಸ್ನೇಹಿತರು ಅಂಗೈಗೆ ನೀರು ಸುರಿದುಕೊಂಡು ಮಚ್ಚೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರು. ನೋಡನೋಡುತ್ತಿದ್ದಂತೆ ಬೂದು ಬಣ್ಣ ಹೋಗಿ ಹಸಿರು ಎದ್ದು ಬಂತು! ಮಾಯವೇನಲ್ಲ: ಒದ್ದೆಯಾದಾಗ ಮೇಲಿನ ಪೊರೆ ತಿಳಿಯಾಗಿ ಒಳಗಿನ ಪಾಚಿ ಕಾಣುತ್ತದೆ. ಸಣ್ಣ ಮಳೆ ಬಂದು ನಿಂತ ಮೇಲೆ ಬೆಟ್ಟಕ್ಕೆ ಹೋದವರಿಗೆ ಈ ಮೇಕಪ್ ಪುಕ್ಕಟೆ.

'ಇದರ ವಯಸ್ಸೆಷ್ಟಿರಬಹುದು ಹೇಳಿ' ಎಂದರು.

'ಒಂದು ವರ್ಷ?'

ಅವರು ನಕ್ಕರು. ಬಂಡೆಗೆ ಅಂಟಿಕೊಂಡು ಬೆಳೆಯುವ ಜಾತಿಗಳು ಬಹಳ ನಿಧಾನಿಗಳು. ಅನೇಕವು ಅಂಚಿನಲ್ಲಿ ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಆ ಲೆಕ್ಕ ಹಿಡಿದರೆ ಹತ್ತು ಸೆಂಟಿಮೀಟರ್ ಅಗಲದ ಒಂದು ಮಚ್ಚೆ ಆಗಲು 50 ವರ್ಷ. ನನಗೆ ಜುಮ್ಮೆಂದಿತು. 2025ಕ್ಕೆ 'ಶೋಲೆ'ಗೂ 50 ವರ್ಷ ತುಂಬಿತು! ಅಮಿತಾಭ್, ಧರ್ಮೇಂದ್ರ ಈ ಬೆಟ್ಟದಲ್ಲಿ ಓಡಾಡಿದಾಗ ಇದರ ಅಕ್ಕಪಕ್ಕದವು ಚುಕ್ಕಿಯಷ್ಟಿದ್ದಿರಬೇಕು. ಅಮ್ಜದ್ ಖಾನ್ 1992ರಲ್ಲೇ ನಮ್ಮನ್ನು ಬಿಟ್ಟು ಹೋದರು. ಅಂದಿನ ಈ ಎಕ್ಸ್‌ಟ್ರಾ ಕಲಾವಿದರು ಮಾತ್ರ ಇನ್ನೂ ಫ್ರೇಮಿನಲ್ಲೇ ಇದ್ದಾರೆ.

ಪೋಷಕ ಪಾತ್ರಗಳು

ಬಿಸಿಲೇರಿತು. ಬಂಡೆಯಂಚಿಗೆ ಒಬ್ಬ ಓತಿಕ್ಯಾತ ಬಂದು ನಿಂತ. ಬೆದೆಯ ಕಾಲ ಬಂದಾಗ ಗಂಡು ಬಂಡೆ ಓತಿಯ ಬೆನ್ನು ಕೆಂಡದ ಬಣ್ಣ, ಪಕ್ಕೆ ಕಡುಗಪ್ಪು. ಈಗಿನ್ನೂ ಸಾದಾ ಡ್ರೆಸ್ಸಿನಲ್ಲಿದ್ದ. ಆದರೂ ಮುಂಗಾಲೂರಿ ತಲೆಯನ್ನು ಮೇಲೆ ಕೆಳಗೆ ಆಡಿಸಿದ ಗತ್ತು ನೋಡಬೇಕಿತ್ತು. ಥೇಟ್ ವಿಲನ್ ಎಂಟ್ರಿ!

ಕೆಳಗಿನ ಪೊದೆಯಲ್ಲಿ ಹಳದಿ ಕತ್ತಿನ ಪಿಕಳಾರ ಕೂಗಿತು. ನಮ್ಮ ಮನೆ ಹಿತ್ತಲಿನ ಕೆಂಪು ಬಾಲಬುಡದ ಪಿಕಳಾರದಂತಲ್ಲ ಇದು. ದಕ್ಷಿಣ ಭಾರತದ ಇಂಥ ಬಂಡೆ ಬೆಟ್ಟಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಎಲ್ಲೆಲ್ಲಿಂದಲೋ ಜನ ಈ ಒಂದು ಹಕ್ಕಿಗಾಗಿ ಇಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಇರುವ ನಾವು ಗಬ್ಬರ್ ಮಿಮಿಕ್ರಿ ಮಾಡಿ, ಸೆಲ್ಫಿ ಹೊಡೆದು, ಚುರುಮುರಿ ತಿಂದು ವಾಪಸ್!

ಹೀರೋ ಎಂಟ್ರಿ

ಒಂಬತ್ತೂವರೆ. ಎದುರಿನ ಕಡಿದಾದ ಬಂಡೆಗೋಡೆಯ ನಡುವೆ ಸುಣ್ಣ ಬಳಿದಂತೆ ಬಿಳಿ ಗುರುತುಗಳಿದ್ದವು. 'ಆ ಸುಣ್ಣದ ಮೇಲೆ ಕಣ್ಣಿಡಿ' ಎಂದು ಸ್ನೇಹಿತರು ದೂರದರ್ಶಕ ಕೊಟ್ಟರು. ಸುಣ್ಣವಲ್ಲ, ಹಿಕ್ಕೆ. ಅದರ ಮೇಲಿನ ಚಾಚುಕಲ್ಲಿನ ಮೇಲೆ ಕಂದು ಬಣ್ಣದ ಗಂಟುಮೂಟೆ. ಮೂಟೆ ಕತ್ತು ಚಾಚಿತು!

ಉದ್ದಕೊಕ್ಕಿನ ರಣಹದ್ದು.

ಬೆಳಗಿನ ತಂಪಿನಲ್ಲಿ ಇವರು ಏಳುವುದಿಲ್ಲ. ಬಂಡೆ ಕಾದು ಬಿಸಿಗಾಳಿ ಮೇಲೇಳುವ ತನಕ ಕಾಯುತ್ತಾರೆ. ಕಾದೆವು. ದಿವೇಚಾ ದಿನಗಟ್ಟಲೆ ಕಾಯಲಿಲ್ಲವೇ? ನಮಗೆ ಒಂದು ಗಂಟೆಗೇ ಸೊಂಟ ಹಿಡಿಯಿತು! ಹತ್ತೂಕಾಲರ ಹೊತ್ತಿಗೆ ಅದು ಮುಂದಕ್ಕೆ ಬಾಗಿ, ಕಲ್ಲಿನಿಂದ ಸುಮ್ಮನೆ ಕೆಳಕ್ಕೆ ಬಿತ್ತು. ಎದೆ ಧಸಕ್ಕೆಂದಿತು. ರೆಕ್ಕೆ ಬಿಚ್ಚಿಕೊಂಡವು. ಎರಡು ಮೀಟರಿಗೂ ಮೀರಿದ ಹರವು. ಒಂದೇ ಒಂದು ಸಲವೂ ರೆಕ್ಕೆ ಬಡಿಯದೆ ಬಿಸಿಗಾಳಿಯ ಮೇಲೆ ಸುತ್ತು ಹಾಕುತ್ತಾ ನಮ್ಮ ತಲೆಯ ಮಟ್ಟಕ್ಕೆ ಬಂತು, ದಾಟಿತು, ಚುಕ್ಕಿಯಾಯಿತು. ಯಾವ 70 ಎಂ.ಎಂ. ತೆರೆಯಲ್ಲೂ ಇಂಥ ಎಂಟ್ರಿ ನಾನು ನೋಡಿಲ್ಲ.

ಎಷ್ಟು ಜನ ಇದ್ದರೆಂದು ಗಬ್ಬರ್ ತನ್ನ ಚೇಲಾಗಳನ್ನು ಗದರಿಸಿ ಕೇಳುತ್ತಾನಲ್ಲ, ನಾನೂ ಕೇಳಿದೆ: 'ಎಷ್ಟು ರಣಹದ್ದು ಇವೆ ಸಾರ್ ಇಲ್ಲಿ?' ಸ್ನೇಹಿತರು ಉತ್ತರ ಕೊಡಲಿಲ್ಲ, ಎಣಿಸಿ ಎಂದರು. ಇಡೀ ದಿನ ಕೂತು ಎಣಿಸಿದೆ. ಮೂರು. ಜೊತೆಗೆ ಹಳದಿ ಮೋರೆಯ ಬಿಳಿ ರಣಹದ್ದು ಎರಡು.

ಅಸಲಿ ವಿಲನ್ ಯಾರು?

ಟೀ ಅಂಗಡಿಯ ಯಜಮಾನರ ಮಾತು: 'ಆಗ ಸತ್ತ ದನ ಬಯಲಿಗೆ ಎಳ್ದಾಕಿದ್ರೆ ಆಕಾಸ ಕಪ್ಪಾಗೋದು ಸಾ. ಮಾರನೇ ದಿನಕ್ಕೆ ಬರೀ ಮೂಳೆ.' ಉತ್ಪ್ರೇಕ್ಷೆ ಇರಬಹುದೆಂದುಕೊಂಡೆ. ಇಲ್ಲ. 1990ರ ದಶಕದ ತನಕ ದೇಶದ ತುಂಬಾ ರಣಹದ್ದುಗಳಿದ್ದವು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಶೇಕಡ 99.9ರಷ್ಟು ಅಳಿಯಿತು. ಸಾವಿರಕ್ಕೆ ಒಂದು ಉಳಿಯಿತು. ಉದ್ದಕೊಕ್ಕಿನವು ನೂರಕ್ಕೆ ತೊಂಬತ್ತಾರು-ತೊಂಬತ್ತೇಳು ಹೋದವು.

ಕೊಂದವನ ಕೈಯಲ್ಲಿ ಬಂದೂಕಿರಲಿಲ್ಲ. ಹೆಸರು ಡೈಕ್ಲೋಫಿನಾಕ್. ದನಗಳ ನೋವಿಗೆ ಕೊಡುತ್ತಿದ್ದ ಸೂಜಿಮದ್ದು. ಮದ್ದು ಕೊಟ್ಟ ಸ್ವಲ್ಪ ದಿನದಲ್ಲಿ ದನ ಸತ್ತರೆ, ಆ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನದಲ್ಲಿ ಸಾವು. ಒಂದೇ ಹೆಣಕ್ಕೆ ಹತ್ತಾರು ಹಕ್ಕಿ ಕೂರುವುದರಿಂದ ಒಂದು ದನ ಇಡೀ ಬಳಗವನ್ನೇ ತೆಗೆಯುತ್ತಿತ್ತು. ಈ ರಹಸ್ಯ ವಿಜ್ಞಾನಿಗಳಿಂದ ಬಯಲಾದದ್ದು 2004ರಲ್ಲಿ. 2006ರಲ್ಲಿ ದನಗಳಿಗೆ ಈ ಮದ್ದು ನಿಷೇಧವಾಯಿತು. ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ದನದ ಕೊಟ್ಟಿಗೆ ಸೇರುತ್ತಿದ್ದವು. 2015ರಲ್ಲಿ ಅದಕ್ಕೂ ಕಡಿವಾಣ ಬಿತ್ತು. ಅದೇ ದೋಷವಿದ್ದ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್‌ಗಳನ್ನು 2023ರಲ್ಲಿ ಜಾನುವಾರುಗಳಿಗೆ ನಿಷೇಧಿಸಿದರು. ಬದಲಿಗೆ ಮೆಲಾಕ್ಸಿಕಾಮ್ ಎಂಬ ಮದ್ದಿದೆ. ಅದರಿಂದ ರಣಹದ್ದಿಗೆ ಅಪಾಯವಿಲ್ಲ. ನಿಮ್ಮ ಮನೆಯಲ್ಲಿ ದನವಿದ್ದರೆ ಈ ಒಂದು ಹೆಸರು ನೆನಪಿಟ್ಟುಕೊಳ್ಳಿ. ಹೀರೋನನ್ನು ಉಳಿಸುವ ಚಾನ್ಸು ನಿಮಗೂ ಇದೆ!

2012ರಲ್ಲಿ ಸರ್ಕಾರ ಇಲ್ಲಿನ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಿತು. ಸೀತೆಗಾಗಿ ರೆಕ್ಕೆ ಕಳೆದುಕೊಂಡ ಜಟಾಯುವಿನ ವಂಶಕ್ಕೆ ರಾಮನ ಬೆಟ್ಟದಲ್ಲೇ ಜಾಗ ಸಿಕ್ಕಿತು.

ಆದರೆ ಇವುಗಳ ಸಂಸಾರ ಬಲು ನಾಜೂಕು. ವರ್ಷಕ್ಕೆ ಒಂದೇ ಮೊಟ್ಟೆ. ಗೂಡು ಕಟ್ಟುವುದು ಚಳಿಗಾಲದಲ್ಲಿ. ನಮ್ಮ ಪಿಕ್ನಿಕ್ ಸೀಸನ್ನೂ ಅದೇ! ಕೆಳಗೆ ಪಟಾಕಿ, ಸ್ಪೀಕರ್, ಮೇಲೆ ಹಾರಿಸುವ ಕ್ಯಾಮೆರಾ… ಬೆದರಿದ ತಾಯಿ ಎದ್ದರೆ ಆ ವರ್ಷದ ಒಂದೇ ಮೊಟ್ಟೆ ಬಿಸಿಲಿಗೆ ಬಿತ್ತು.

ಒಂದು ಬೀಗದಕೈ, ಒಂದು ಹೃದಯ

ಇಳಿಯುವಾಗ ನಾಲ್ಕೈದು ಹುಡುಗರ ಗುಂಪು ಸಿಕ್ಕಿತು. ಒಬ್ಬ ಬೈಕಿನ ಬೀಗದಕೈ ಹಿಡಿದು ಬಂಡೆಯ ಮೇಲೆ ಹೃದಯದ ಚಿತ್ರ ಕೊರೆಯುತ್ತಿದ್ದ. ಒಳಗೆ ತನ್ನ ಹೀರೋನ ಹೆಸರು. ಸುತ್ತಲೂ ಕಲ್ಲುಹೂವಿನ ಹಳದಿ ಪುಡಿ ಉದುರಿತ್ತು.

ಬೈಯೋಣವೆನಿಸಿತು. ಸ್ನೇಹಿತರು ಕಣ್ಸನ್ನೆ ಮಾಡಿ ತಡೆದರು. ಹುಡುಗನ ಪಕ್ಕ ಕೂತು, 'ಏನ್ ಗುರೂ, ಫ್ಯಾನಾ?' ಎಂದರು. ಆತ ಎದೆಯುಬ್ಬಿಸಿ 'ಹೂಂ ಸಾರ್, ಪ್ರಾಣ!' ಎಂದ. ಸ್ನೇಹಿತರು ತಾವು ತೆಗೆದ ಕ್ಲೋಸಪ್ಪನ್ನು ಕ್ಯಾಮೆರಾದ ಪರದೆಯ ಮೇಲೆ ತೋರಿಸಿದರು. ಬಂಡೆಯ ಮಚ್ಚೆ ಅಲ್ಲಿ ಕಾಡಿನಂತೆ, ಹೂದೋಟದಂತೆ ಅರಳಿತ್ತು.

'ಯಾವ ಜಾಗ ಸಾರ್ ಇದು?'

'ನಿನ್ ಬೀಗದಕೈ ಕೆಳಗಿರೋದೇ. ಶೋಲೆ ಕಾಲದ್ದಿರಬೋದು. ನೀನು ಕೆರೆದಿರೋದು ಮತ್ತೆ ಹೀಗಾಗೋಕೆ ನಿನ್ನ ಮಗನ ಮದುವೆ ಆಗ್ಬೇಕು ನೋಡು.'

ಹುಡುಗ ಮಾತಾಡಲಿಲ್ಲ. ಗೆಳೆಯರು ಕಿಸಕ್ಕೆಂದರು. ಬೀಗದಕೈ ಜೇಬಿಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: 'ನನ್ ಮೊಬೈಲಲ್ಲೂ ಹಿಂಗ್ ಬರ್ತದಾ ಸಾರ್?' ಬರುತ್ತದೆ ಎಂದು ತೋರಿಸಿಕೊಟ್ಟರು. ಮುಂದಿನ ಹದಿನೈದು ನಿಮಿಷ ಆ ಐದೂ ಜನ ಬಂಡೆಯ ಮೇಲೆ ಬೋರಲು! ಅರ್ಧ ಕೊರೆದ ಹೃದಯ ಮಾತ್ರ ಹಾಗೇ ಉಳಿಯಿತು. ಅದನ್ನು ಯಾರಿಂದಲೂ ಅಳಿಸಲಾಗದು.

ಹೋಗುವವರಿಗೆ ನಾಲ್ಕು ಮಾತು

ದುಬಾರಿ ಕ್ಯಾಮೆರಾ ಬೇಕೇ ಬೇಕೆಂದಿಲ್ಲ. ಕಲ್ಲಿಗೂ ಕಲ್ಲುಹೂವಿಗೂ ಮೊಬೈಲು ಸಾಕು. ಬೆಳಗ್ಗೆ ಎಂಟರೊಳಗೆ, ಇಲ್ಲವೇ ಸಂಜೆಯ ಓರೆ ಬೆಳಕಿನಲ್ಲಿ ತೆಗೆಯಿರಿ. ಮೋಡ ಕವಿದ ದಿನ ಬಣ್ಣ ಇನ್ನೂ ಚೆಂದ. ಪಕ್ಕದಲ್ಲೊಂದು ರೂಪಾಯಿ ನಾಣ್ಯವಿಟ್ಟು ಒಂದು ಚಿತ್ರ ತೆಗೆದರೆ ಅಳತೆ ಗೊತ್ತಾಗುತ್ತದೆ. ಅದೇ ಮಚ್ಚೆಯನ್ನು ಮುಂದಿನ ವರ್ಷ ಅದೇ ತಿಂಗಳು ತೆಗೆದು ಪಕ್ಕದಲ್ಲಿಟ್ಟು ನೋಡಿ, ನಿಮ್ಮದೇ ಸಂಶೋಧನೆ! ರಣಹದ್ದಿಗೆ ಮಾತ್ರ ಉದ್ದ ಲೆನ್ಸೂ ಉದ್ದ ತಾಳ್ಮೆಯೂ ಬೇಕು. ಲೆನ್ಸಿಲ್ಲದವರು ದೂರದರ್ಶಕದಲ್ಲಿ ನೋಡಿ ಕಣ್ತುಂಬಿಕೊಳ್ಳಿ. ಚಿತ್ರಕ್ಕಾಗಿ ಗೂಡಿನತ್ತ ಹೋಗುವುದು, ಕಲ್ಲೆಸೆದು ಎಬ್ಬಿಸುವುದು ಬೇಡವೇ ಬೇಡ. ಇದು ಕರಡಿ, ಚಿರತೆ ಓಡಾಡುವ ಸೀಮೆ. ಕತ್ತಲಾಗುವ ಮುಂಚೆ ಇಳಿದುಬಿಡಿ.

ಪುನೀತ್ ರಾಜ್‌ಕುಮಾರ್ ತಮ್ಮ ಕೊನೆಯ ಚಿತ್ರ 'ಗಂಧದ ಗುಡಿ'ಯಲ್ಲಿ ಹೀರೋ ವೇಷ ಕಳಚಿಟ್ಟು ತಾವು ತಾವಾಗಿಯೇ ಕಾಡು ಸುತ್ತಿದರು. 2022ರ ಅಕ್ಟೋಬರ್‌ನಲ್ಲಿ ಅದು ತೆರೆಗೆ ಬಂದಾಗ ನಮ್ಮ ಅಪ್ಪು ಇರಲಿಲ್ಲ. ಅಲ್ಲಿ ಅವರ ಕೈಯಲ್ಲಿ ಬಂದೂಕಿಲ್ಲ, ಉಳಿಯಿಲ್ಲ. ನೋಡುವ ಕಣ್ಣು ಮಾತ್ರ ಇದೆ. ಅಭಿಮಾನಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಬೇಕೆ?

ಇನ್ನು, ಮೊದಲೇ ಹೇಳುತ್ತೇನೆಂದ ಮಾತು. ಬೆಟ್ಟದ ತುದಿಯಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಗುಡ್ಡದ ಹಿಂದೆ ಗುಡ್ಡ. ಈ ಸೀಮೆಯ ಗ್ರಾನೈಟ್ ಗುಡ್ಡಗಳು ಎಷ್ಟೋ ಕಲ್ಲು ಕ್ವಾರಿಗಳ ಪಾಲಾಗಿವೆ. ಜಲ್ಲಿಯಾಗಿ, ಚಪ್ಪಡಿಯಾಗಿ ಲಾರಿ ಏರಿವೆ. ಟೀ ಅಂಗಡಿಯ ಯಜಮಾನರೇ, ಬಂಡೆಯನ್ನೂ ಹೊರಲಾಗುತ್ತದೆ. 250 ಕೋಟಿ ವರ್ಷದ ಕೆಲಸ ಒಂದು ಸಿಡಿಮದ್ದಿಗೆ ಮುಗಿಯುತ್ತದೆ.

ರಾಮಗಢದ ಸೆಟ್ ಹೋದರೆ ಏನಂತೆ, ರಾಮ್ ಯಡೇಕರ್‌ರಂಥ ಇನ್ನೊಬ್ಬರು ಬಂದು ಆರು ತಿಂಗಳಲ್ಲಿ ಮತ್ತೆ ಎಬ್ಬಿಸಬಹುದು. ಈ ಬೆಟ್ಟ ಹೋದರೆ ಮತ್ತೆ ಎಬ್ಬಿಸುವ ಆರ್ಟ್ ಡೈರೆಕ್ಟರ್ ಇನ್ನೂ ಹುಟ್ಟಿಲ್ಲ!